ಗದ್ದಿಗೆ ಇದ್ದವರು, ಗೋರಿ ಇಲ್ಲದವರು



ಹೂಮಳೆ ಬಿದ್ದ ಮಾರನೆಯ ವಾರ ಸಂಘದ ಕಚೇರಿಯಲ್ಲಿ ಗೊಬ್ಬರದ ಪಟ್ಟಿ ಬರೆಯುತ್ತಿದ್ದೆವು. ಓದು ಮುಗಿಸಿ ಈಚೆಗೆ ತೋಟಕ್ಕಿಳಿದಿರುವ ತರುಣ ಸದಸ್ಯನೊಬ್ಬ ಸುಣ್ಣದ ಚೀಲಕ್ಕೆಂದು ಬಂದವನು ಮಾತಿನ ನಡುವೆ, "ಅಲ್ಲ ಮಾವ, ನಮ್ಮ ಗೌರಮ್ಮನ ಸಮಾಧಿ ಲಂಡನಿನಲ್ಲಿ ಉಂಟಂತಲ್ಲ, ಕತೆ ಬರೆಯುತ್ತಿದ್ದವರು ಅಲ್ಲಿಗೆ ಹೇಗೆ ಹೋದರು?" ಎಂದು ಕೇಳಿದ. ಬೆಂಚಿನ ಮೇಲೆ ಕುಳಿತಿದ್ದ ಹಿರಿಯರೊಬ್ಬರು, "ಆ ಗೌರಮ್ಮ ಬೇರೆ, ಈ ಗೌರಮ್ಮ ಬೇರೆ ಮಾರಾಯ. ಅವಳು ರಾಜನ ಮಗಳು, ಇವರು ತೋಟದ ಮೇನೇಜರರ ಹೆಂಡತಿ" ಎಂದು ತಿದ್ದಿದರು. ರಾಜನ ಮಗಳಾದರೆ ರಾಜರ ಗದ್ದಿಗೆ ಮಡಿಕೇರಿಯಲ್ಲೇ ಇದೆಯಲ್ಲ, ಅವಳೊಬ್ಬಳು ಅಲ್ಲೇಕೆ ಎಂದು ಇನ್ನೊಬ್ಬರು ತೆಗೆದರು. ಹಾಗಾದರೆ ಆ ಗದ್ದಿಗೆಯಲ್ಲಿ ಯಾವ ಯಾವ ಅರಸರಿದ್ದಾರೆ ಎಂದು ಕೇಳಿದರೆ, ಅಲ್ಲಿದ್ದ ಏಳು ಜನರಲ್ಲಿ ಒಬ್ಬರಿಗೂ ನಿಖರವಾಗಿ ಗೊತ್ತಿರಲಿಲ್ಲ. ನಮ್ಮನ್ನೂ ಸೇರಿಸಿಯೇ ಈ ಮಾತು. ಪದವೀಧರರೆಂದು ಹೆಸರು, ಹದಿನೆಂಟು ವರ್ಷಗಳಿಂದ ಸಂಘದ ಕಾಗದಪತ್ರ ಹಿಡಿದು ತಿಂಗಳಿಗೆರಡು ಸಲ ಮಡಿಕೇರಿಗೆ ಹೋಗಿಬರುತ್ತೇವೆ. ಗದ್ದಿಗೆಯ ಒಳಗೆ ಕಾಲಿಟ್ಟದ್ದು ಮಾತ್ರ ಪ್ರೈಮರಿ ಶಾಲೆಯ ಮೇಷ್ಟರು ಕರೆದುಕೊಂಡು ಹೋದ ದಿನ.

ಇದು ಮನಸ್ಸಿಗೆ ಚುಚ್ಚಿತು. ಮುಂದಿನ ವಾರ ಬ್ಯಾಂಕಿನ ಕೆಲಸ ಬೇಗ ಮುಗಿದದ್ದೇ ನೆಪವಾಗಿ ಮಹದೇವಪೇಟೆಯ ಆಚೆ ದಿಣ್ಣೆ ಹತ್ತಿದೆವು.

ಗದ್ದಿಗೆ ಎಂಬ ಮಾತೇ ವಿಚಿತ್ರವಾದುದು. ಅರಸ ಬದುಕಿದ್ದಾಗ ಕೂರುವುದೂ ಗದ್ದಿಗೆ, ಸತ್ತ ಮೇಲೆ ಕೂರುವುದೂ ಗದ್ದಿಗೆ. ಹಾಲೇರಿಯ ಅರಸರು ವೀರಶೈವರು. ಅವರಲ್ಲಿ ಸುಡುವ ಪದ್ಧತಿಯಿಲ್ಲ, ಮಣ್ಣಿನಲ್ಲಿ ಕೂರಿಸುತ್ತಾರೆ. ಆದರೆ ದೂರದಿಂದ ನೋಡಿದವರಿಗೆ ಕಟ್ಟಡ ಮಸೀದಿಯಂತೆ ಕಾಣುತ್ತದೆ. ನಡುವೆ ದೊಡ್ಡ ಗುಮ್ಮಟ, ನಾಲ್ಕು ಮೂಲೆಗೆ ಮಿನಾರಿನಂಥ ಗೋಪುರ. ಹತ್ತಿರ ಹೋದರೆ ಮೇಲೆ ಬಸವ, ಒಳಗೆ ಲಿಂಗ, ಕಿಟಕಿಗಳಿಗೆ ಈಗಲೂ ಹೊಳೆಯುವ ಲೋಹದ ಸರಳು. ಆ ಕಾಲದ ಕೆಲಸಗಾರರಿಗೆ ಯಾವ ಮಾದರಿ ಕೈಗೆ ಹತ್ತಿತ್ತೋ ಅದರಲ್ಲಿ ಕಟ್ಟಿದರು, ಅರಸನಿಗೂ ಅದು ಒಪ್ಪಿಗೆಯಾಯಿತು. ಈ ಹೊತ್ತಿನಲ್ಲಾಗಿದ್ದರೆ ನಕ್ಷೆ ಪಾಸಾಗುವುದರೊಳಗೆ ನಾಲ್ಕು ಮೆರವಣಿಗೆ ಹೊರಡುತ್ತಿದ್ದವು.

ನಡುವಿನದು ದೊಡ್ಡವೀರರಾಜೇಂದ್ರ ಮತ್ತು ರಾಣಿ ಮಹದೇವಮ್ಮಾಜಿಯದು. ಹುಡುಗನಾಗಿದ್ದಾಗಲೇ ಮೈಸೂರಿನವರ ಸೆರೆ ಸೇರಿ, 1788ರ ಡಿಸೆಂಬರಿನಲ್ಲಿ ಪಿರಿಯಾಪಟ್ಟಣದಿಂದ ಹೆಂಡಿರು ತಮ್ಮಂದಿರ ಸಮೇತ ತಪ್ಪಿಸಿಕೊಂಡು ಬಂದು, ಟಿಪ್ಪುವಿನ ಠಾಣೆಗಳನ್ನು ಒಂದೊಂದಾಗಿ ಕಿತ್ತು ಹಾಕಿದವನು. 1791ರಲ್ಲಿ ಕಂಪನಿಯ ಜನರಲ್ ಅಬರ್‌ಕ್ರೋಂಬಿಯ ದಂಡು ಕೊಡಗಿನ ಮೂಲಕ ಶ್ರೀರಂಗಪಟ್ಟಣಕ್ಕೆ ಹೋಗಲು ದಾರಿ ಕೊಟ್ಟವನೂ ಇವನೇ. ಆ ಭೇಟಿಯ ನೆನಪಿಗೆ 1792ರಲ್ಲಿ ವಿರಾಜಪೇಟೆ ಹುಟ್ಟಿತು. ಅದೇ ವರ್ಷ ತಡಿಯಂಡಮೋಳಿನ ಬುಡದಲ್ಲಿ ನಾಲ್ಕುನಾಡು ಅರಮನೆ ಎದ್ದಿತು. 1796ರಲ್ಲಿ ಮಹದೇವಮ್ಮಾಜಿಯನ್ನು ಅಲ್ಲಿಯೇ ಮದುವೆಯಾದ. ತನ್ನ ವಂಶದ ಚರಿತ್ರೆಯನ್ನು 'ರಾಜೇಂದ್ರನಾಮೆ' ಎಂದು ಕನ್ನಡದಲ್ಲಿ ಬರೆಯಿಸಿದ. 1807ರಲ್ಲಿ ರಾಣಿ ತೀರಿಕೊಂಡಳು. ಆಮೇಲೆ ಅವನ ಬುದ್ಧಿ ಸ್ಥಿಮಿತ ತಪ್ಪಿತು. ಸಂಶಯ ಬಂದವರನ್ನೆಲ್ಲ ಕೊಲ್ಲಿಸಿದ. ಕೊಲ್ಲಿಸಿ, ಮರುದಿನ ಅವರನ್ನೇ ಕರೆತರಲು ಹೇಳುತ್ತಿದ್ದನೆಂದು ನಮ್ಮ ಕಡೆಯ ಮುದುಕರ ಬಾಯಲ್ಲಿ ಇಂದಿಗೂ ಕೇಳುತ್ತೇವೆ. 1809ರಲ್ಲಿ ಅವನೂ ಹೋದ. ಗಂಡುಸಂತಾನವಿರಲಿಲ್ಲ, ಮಗಳು ದೇವಮ್ಮಾಜಿಯನ್ನು ಪಟ್ಟಕ್ಕೆ ತರಬೇಕೆಂದು ಅವನು ಮಾಡಿಟ್ಟ ಏರ್ಪಾಡು ಎರಡು ವರ್ಷವೂ ನಿಲ್ಲಲಿಲ್ಲ. ತಮ್ಮ ಲಿಂಗರಾಜ 1811ರಲ್ಲಿ ಅಧಿಕಾರ ಕೈಗೆ ತೆಗೆದುಕೊಂಡ.

ಆ ಲಿಂಗರಾಜೇಂದ್ರ ಪಕ್ಕದ ಗದ್ದಿಗೆಯಲ್ಲಿದ್ದಾನೆ. 1820ರಲ್ಲಿ ಮಗ ಕಟ್ಟಿಸಿದ್ದು. ನೋಡಲು ಅಣ್ಣನದರ ಅಚ್ಚು. ನಮಗೆ ಅಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕೆನಿಸಿತು, ಭಕ್ತಿಯಿಂದಲ್ಲ. ಬೆಳೆಗಾರರಾದ ನಮಗೆ ಅರಸರಲ್ಲೆಲ್ಲ ಹೆಚ್ಚು ಸಂಬಂಧವಿರುವುದು ಇವನದೇ. 1812ರ ಸುಮಾರಿಗೆ ಇವನು ಮಾಡಿಸಿದ 'ಶಿಸ್ತು' ಎಂಬ ಲೆಕ್ಕವೇ ನಮ್ಮ ಭೂಮಿಯ ಕಾಗದಪತ್ರಗಳಿಗೆಲ್ಲ ಅಜ್ಜ. ಯಾವ ವರ್ಗದ ಗದ್ದೆ ಎಷ್ಟು, ಅದಕ್ಕೆ ಸೇರಿದ ಬಾಣೆ ಯಾವುದು, ಗಡಿ ಎಲ್ಲಿ, ಕಂದಾಯ ಎಷ್ಟು ಎಂದು ಒಕ್ಕಲೊಕ್ಕಲಾಗಿ ಬರೆಯಿಸಿದ. ಕಂಪನಿಯವರು ಬಂದ ಮೇಲೂ ಬಹುಕಾಲ ಅದೇ ಆಧಾರ. ಜಮ್ಮಾ, ಸಾಗು, ಬಾಣೆ ಎಂದು ತಾಲ್ಲೂಕು ಕಚೇರಿಯ ಕಂಬ ಸುತ್ತಿದವರಿಗೆಲ್ಲ ಈ ಮಾತಿನ ರುಚಿ ಗೊತ್ತು. ಜಮ್ಮಾ ಬಾಣೆಯ ಒಡೆತನದ ತಕರಾರಿಗಾಗಿ 2011ರಲ್ಲಿ ಭೂಕಂದಾಯ ಕಾನೂನಿಗೇ ತಿದ್ದುಪಡಿ ತರಬೇಕಾಯಿತು. ಇನ್ನೂರು ವರ್ಷದ ಹಿಂದೆ ಒಬ್ಬ ಅರಸ ಹಾಕಿದ ಗೀಟು ಇನ್ನೂ ನಮ್ಮ ಪಟ್ಟೆಯೊಳಗೆ ಎಳೆದಾಡುತ್ತಿದೆ. ಹಾಗೆಂದು ಅವನನ್ನು ರೈತಬಂಧು ಎನ್ನಲೂ ಬಾಯಿ ಬರುವುದಿಲ್ಲ. ಏಲಕ್ಕಿ ಅರಮನೆಯ ಏಕಸ್ವಾಮ್ಯವಾಗಿತ್ತು. ಮಲೆಯಲ್ಲಿ ಜಿಗಣೆ ಕಚ್ಚಿಸಿಕೊಂಡು ಕೊಯ್ದವನು ಅದನ್ನು ತನ್ನಿಷ್ಟದ ವ್ಯಾಪಾರಿಗೆ ಮಾರುವಂತಿರಲಿಲ್ಲ.

ಮೂರನೆಯದು ಅರಸನದಲ್ಲ. ರಾಜಗುರು ರುದ್ರಪ್ಪನವರದು, 1834ರಲ್ಲಿ ಆದದ್ದು. ಅಲ್ಲೇ ಸಮೀಪದಲ್ಲಿ ಸೇನಾಧಿಕಾರಿ ಬಿದ್ದಂಡ ಬೋಪು ಮತ್ತು ಅವರ ಮಗ ಬಿದ್ದಂಡ ಸೋಮಯ್ಯನವರ ಸಮಾಧಿಗಳಿವೆ. ಸಾಮಾನ್ಯವಾಗಿ ಅರಸನ ಮಗ್ಗುಲಲ್ಲಿ ಅರಸನ ರಕ್ತದವರಿಗಷ್ಟೇ ಜಾಗ. ಇಲ್ಲಿ ಕೊಡವ ದಂಡನಾಯಕ ಅಪ್ಪಮಕ್ಕಳಿಗೆ ಆ ಜಾಗ ಸಿಕ್ಕಿದೆ. ಕೊಡವರಿಗೆ ಒಕ್ಕಕ್ಕೊಂದು ತೂಟಂಗಳವಿರುವಾಗ ಅದನ್ನು ಬಿಟ್ಟು ಒಡೆಯನ ಪಕ್ಕದಲ್ಲಿ ಮಣ್ಣಾಗುವುದೆಂದರೆ ಅದು ಸಣ್ಣ ಮರ್ಯಾದೆಯಲ್ಲ.

ಈಗ ನಮ್ಮ ತರುಣ ಮಿತ್ರನ ಪ್ರಶ್ನೆಗೆ ಬರೋಣ. ಮೂರು ಗದ್ದಿಗೆ ಎಣಿಸಿದ ಮೇಲೆ ಎದ್ದು ಕಾಣುವುದು ಇಲ್ಲದ ನಾಲ್ಕನೆಯದು. ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರ ಅಲ್ಲಿಲ್ಲ. ಅಪ್ಪನಿಗೆ ಗುಮ್ಮಟ ಎಬ್ಬಿಸಿದವನು, ತನಗೂ ಅದರ ಪಕ್ಕದಲ್ಲೇ ಜಾಗ ಎಂದು ನಂಬಿಯೇ ಇದ್ದಿರಬೇಕು. 1834ರ ಏಪ್ರಿಲಿನಲ್ಲಿ ಕಂಪನಿಯ ದಂಡು ಮಡಿಕೇರಿಗೆ ಬಂತು, ಮೇ ತಿಂಗಳಲ್ಲಿ ಕೊಡಗು ಕಂಪನಿಗೆ ಸೇರಿತು, ಅರಸನನ್ನು ಕಾಶಿಗೆ ಸಾಗಿಸಿದರು. ಮಾಸ್ತಿಯವರ 'ಚಿಕವೀರರಾಜೇಂದ್ರ' ಓದಿದವರಿಗೆ ಈ ಕತೆ ಗೊತ್ತು. ಅಲ್ಲಿಂದ ಮುಂದಿನದು ಕಡಿಮೆ ಜನಕ್ಕೆ ಗೊತ್ತು. 1852ರಲ್ಲಿ ಆತ ಹಡಗು ಹತ್ತಿ ಇಂಗ್ಲೆಂಡಿಗೆ ಹೋದ. ಹೋಗಲು ಕಾರಣ ಎರಡು. ಒಂದು, ಮಗಳು ಗೌರಮ್ಮನನ್ನು ವಿಕ್ಟೋರಿಯಾ ರಾಣಿಯ ಆಶ್ರಯಕ್ಕೆ ಒಪ್ಪಿಸುವುದು. ಇನ್ನೊಂದು, ಕೊಡಗಿನ ಅರಮನೆಯವರು ಕಂಪನಿಗೆ ಕೊಟ್ಟಿದ್ದ ಹಣಕ್ಕೆ ಬರೆಸಿಕೊಂಡಿದ್ದ ಎರಡು ಪ್ರಾಮಿಸರಿ ನೋಟುಗಳ ಬಾಕಿ ವಸೂಲಿ. ಸಾಲ ವಸೂಲಿಯ ಕಷ್ಟ ಕಂಡ ಸಹಕಾರ ಸಂಘದ ಕಾರ್ಯದರ್ಶಿಗೆ ಈ ಭಾಗ ಓದುವಾಗ ಕಿವಿ ನೆಟ್ಟಗಾಗುವುದು ಸಹಜ. ಸಾಲ ತೆಗೆದುಕೊಂಡವರೇ ಸಾಲಗಾರನ ಮನೆಗೆ ದಂಡು ಕಟ್ಟಿಕೊಂಡು ಬಂದು, ಕೊಟ್ಟವನ ಪೆಟ್ಟಿಗೆಯಲ್ಲಿದ್ದ ನೋಟನ್ನೂ ಹೊತ್ತೊಯ್ದರು. ಆತ ಅಲ್ಲಿಯ ಚಾನ್ಸರಿ ನ್ಯಾಯಾಲಯದಲ್ಲಿ ದಾವೆ ಹೂಡಿದ. ವರ್ಷಗಟ್ಟಲೆ ನಡೆಯಿತು. ರಾಜ್ಯ ಗೆದ್ದಾಗ ಒಂದು ಸರಕಾರ ವಶಪಡಿಸಿಕೊಂಡದ್ದನ್ನು ಕೋರ್ಟು ವಿಚಾರಿಸುವಂತಿಲ್ಲ ಎಂದು 1860ರಲ್ಲಿ ತೀರ್ಪಾಯಿತು. ಅದನ್ನು ಕೇಳಲು ವಾದಿ ಇರಲಿಲ್ಲ. 1859ರ ಸೆಪ್ಟೆಂಬರ್ 24ರಂದು ಲಂಡನಿನಲ್ಲೇ ಆತ ತೀರಿಕೊಂಡಿದ್ದ. ದೇಹ ಮಡಿಕೇರಿಗೆ ಬರಲಿಲ್ಲ.

ಗೌರಮ್ಮ ಹುಟ್ಟಿದ್ದು 1841ರಲ್ಲಿ, ಕಾಶಿಯಲ್ಲಿ. ಕೊಡಗಿನ ರಾಜಕುಮಾರಿ ಎಂದು ಎಲ್ಲೆಡೆ ಕರೆಸಿಕೊಂಡವಳು ಕೊಡಗಿನ ಮಣ್ಣನ್ನು ಒಮ್ಮೆಯೂ ತುಳಿದವಳಲ್ಲ. ಹನ್ನೊಂದರ ವಯಸ್ಸಿನಲ್ಲಿ ಕ್ರೈಸ್ತ ದೀಕ್ಷೆಯಾಯಿತು. ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೂ ಸೇರಿಸಿ ವಿಕ್ಟೋರಿಯಾ ಗೌರಮ್ಮ ಎಂದಿಟ್ಟಳು. ಪಂಜಾಬಿನ ಪದಚ್ಯುತ ಮಹಾರಾಜ ದಲೀಪ್ ಸಿಂಗನಿಗೆ ಕೊಡಬೇಕೆಂಬ ಯೋಚನೆ ನಡೆದು ಅದು ಕೂಡಲಿಲ್ಲ. 1860ರಲ್ಲಿ ಕರ್ನಲ್ ಜಾನ್ ಕ್ಯಾಂಪ್‌ಬೆಲ್ ಎಂಬ, ವಯಸ್ಸಿನಲ್ಲಿ ಬಹಳ ಹಿರಿಯನಾದವನೊಡನೆ ಮದುವೆ. ಮರುವರ್ಷ ಒಂದು ಹೆಣ್ಣು ಮಗು. 1864ರ ಮಾರ್ಚಿ 30ರಂದು, ಇಪ್ಪತ್ತಮೂರು ತುಂಬುವ ಮೊದಲೇ ಸತ್ತಳು. ಲಂಡನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಅವಳ ಗೋರಿಯಿದೆ. ಆಗಿನ ದೊಡ್ಡ ಚಿತ್ರಕಾರ ವಿಂಟರ್‌ಹಾಲ್ಟರ್ 1854ರಲ್ಲಿ ಬರೆದ ಅವಳ ಚಿತ್ರ ಸಿಕ್ಕರೆ ನೋಡಿ. ಒಡವೆ, ಜರತಾರಿ ಎಲ್ಲ ಉಂಟು. ಹದಿಮೂರು ವರ್ಷದ ಹುಡುಗಿಯ ಕಣ್ಣಿನಲ್ಲಿ ಮಾತ್ರ ಮದುವೆಮನೆಯಲ್ಲಿ ಪರಿಚಯದವರು ಯಾರೂ ಸಿಗದ ಮಗುವಿನ ನೋಟ.

ಇನ್ನು ನಮ್ಮವರೇ ಆದ ಗೌರಮ್ಮ. ಕೊಡಗಿನ ಗೌರಮ್ಮ ಎಂದೇ ಕನ್ನಡಿಗರಿಗೆ ಪರಿಚಿತರು. 1912ರಲ್ಲಿ ಹುಟ್ಟಿ ಮಡಿಕೇರಿಯಲ್ಲಿ ಬೆಳೆದು, ಗುಂಡುಕುಟ್ಟಿ ತೋಟದ ಮೇನೇಜರರ ಪತ್ನಿಯಾಗಿ ಕಾಫಿ ತೋಟದ ನಡುವಿನ ಮನೆಯಲ್ಲಿ ಕೂತು ಸಣ್ಣಕತೆ ಬರೆದವರು. ಮಿಸೆಸ್ ಬಿ. ಟಿ. ಜಿ. ಕೃಷ್ಣ ಎಂಬ ಹೆಸರಿನಲ್ಲಿ ಅವು ಅಚ್ಚಾದವು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದು ಮಂಜುನಾಥಯ್ಯನವರ ಆ ತೋಟದಲ್ಲೇ ಇಳಿದುಕೊಂಡಾಗ, ತಮ್ಮ ಮನೆಗೂ ಬರಲೇಬೇಕೆಂದು ಉಪವಾಸ ಹೂಡಿ ಗೆದ್ದು, ಮೈಮೇಲಿನ ಒಡವೆಯನ್ನು ಹರಿಜನ ನಿಧಿಗೆ ಬಿಚ್ಚಿಕೊಟ್ಟರು. 1939ರ ಏಪ್ರಿಲಿನಲ್ಲಿ ಹೊಳೆಯಲ್ಲಿ ಈಜಲು ಇಳಿದಾಗ ಸುಳಿಗೆ ಸಿಕ್ಕಿ ಹೋದರು. 'ಕಂಬನಿ', 'ಚಿಗುರು' ಎರಡೂ ಸಂಕಲನಗಳು ಅವರ ನಂತರ ಹೊರಬಂದವು. ಸುಟ್ಟವರಿಗೆ ಗೋರಿ ಇರುವುದಿಲ್ಲ, ಆದ್ದರಿಂದ ನಮ್ಮ ತರುಣನಂಥವರು ಗೌರಮ್ಮನ ಗೋರಿ ಎಂದು ಹುಡುಕಿದರೆ ಲಂಡನಿಗೇ ಹೋಗಿ ಮುಟ್ಟುತ್ತಾರೆ. ತಪ್ಪು ಅವನದಲ್ಲ.

ಗೋರಿಯಿಲ್ಲದ ಇನ್ನೊಬ್ಬರನ್ನು ಘಟ್ಟದ ಕೆಳಗಿನ ಅಡಿಕೆ ಬೆಳೆಗಾರ ಸದಸ್ಯರು ಮರೆಯುವಂತಿಲ್ಲ. ಅರಸನನ್ನು ಕಾಶಿಗೆ ಕಳಿಸಿದ ಮೇಲೆ ಅಮರಸುಳ್ಯ, ಪುತ್ತೂರು ಮಾಗಣೆಗಳನ್ನು ಕೊಡಗಿನಿಂದ ಬಿಡಿಸಿ ಕನ್ನಡ ಜಿಲ್ಲೆಗೆ ಸೇರಿಸಿದರು. ಅದುವರೆಗೆ ಬೆಳೆಯ ರೂಪದಲ್ಲಿ ಕಂದಾಯ ಕೊಡುತ್ತಿದ್ದವರು ಇನ್ನು ನಗದಿನಲ್ಲೇ ಕೊಡಬೇಕೆಂದಾಯಿತು. ನಗದು ಬೇಕೆಂದರೆ ಕೊಯ್ಲಿಗೆ ಮೊದಲೇ ವ್ಯಾಪಾರಿಯ ಬಾಗಿಲಿಗೆ ಹೋಗಬೇಕು. ಅವನು ಹೇಳಿದ್ದೇ ಧಾರಣೆ. ಇದರ ಅರ್ಥವನ್ನು ನಮ್ಮ ಸದಸ್ಯರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಸಂಘ ಹುಟ್ಟಿದ್ದೇ ಅದರಿಂದ. 1837ರ ಬಂಡಾಯ ಹೊತ್ತಿಕೊಂಡಿತು. ಕೆದಂಬಾಡಿ ರಾಮಯ್ಯ ಗೌಡರ ದಂಡು ಘಟ್ಟ ಇಳಿದು ಏಪ್ರಿಲ್ 5ರಂದು ಮಂಗಳೂರನ್ನೇ ಹಿಡಿದು, ಬಾವುಟಗುಡ್ಡೆಯಲ್ಲಿ ತಮ್ಮ ನಿಶಾನೆ ಹಾರಿಸಿ, ಹದಿಮೂರು ದಿನ ಇಟ್ಟುಕೊಂಡಿತು. ಕಣ್ಣೂರು ಕಡೆಯಿಂದ ಸೈನ್ಯ ಬಂದ ಮೇಲೆ ಎಲ್ಲ ಮುಗಿಯಿತು. ಸುಬೇದಾರ್ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯ ಬಳಿ, ಮನೆಯವರ ಕಣ್ಣೆದುರಿನಲ್ಲೇ ನೇಣಿಗೇರಿಸಿದರು. ಮಡಿಕೇರಿಯಲ್ಲಿ ಅಪ್ಪಯ್ಯ ಗೌಡರ ಪ್ರತಿಮೆಯುಂಟು; ಬಾವುಟಗುಡ್ಡೆಯಲ್ಲಿ 2022ರಲ್ಲಿ ರಾಮಯ್ಯ ಗೌಡರ ಪ್ರತಿಮೆ ಆಯಿತು. ಗದ್ದಿಗೆಯಿಂದ ಇಳಿದು ಬರುವಾಗ ಕೋಟೆಯ ಮುಂದೆ ನಿಂತು ಲೆಕ್ಕ ಹಾಕಿದೆವು: ಕಂದಾಯ ಹಾಕಿದ ಅರಸನಿಗೆ ಗುಮ್ಮಟ, ಕಂದಾಯ ತಾಳಲಾರದೆ ಎದ್ದವನಿಗೆ ನೂರೈವತ್ತು ವರ್ಷದ ಮೇಲೆ ಕಂಚಿನ ಪ್ರತಿಮೆ. ಮಣ್ಣು ಎಲ್ಲಿ ಹಾಕಿದರೆಂದು ತೋರಿಸುವ ಒಂದು ಕಲ್ಲೂ ಇಲ್ಲ.

ಬಿಳಿಯ ಪ್ಲಾಂಟರುಗಳ ವಿಚಾರ ಬೇರೆ. ಅವರು ಕಲ್ಲು ಕಡೆಯಿಸುವುದನ್ನು ಮರೆತವರಲ್ಲ. 1854ರಲ್ಲಿ ಫೌಲರ್ ಎಂಬವರು ಮಡಿಕೇರಿಯಲ್ಲಿ ಮೊದಲ ಐರೋಪ್ಯ ಕಾಫಿ ತೋಟ ತೆರೆದರು. ಅದಕ್ಕೂ ಮೊದಲೇ ನಾಲ್ಕುನಾಡಿನ ಬಳಿ ಮಾಪಿಳ್ಳೆಗಳು ಕಾಫಿ ಹಾಕಿದ್ದರೆಂದು ಹೇಳುತ್ತಾರೆ. ಅವರ ಹೆಸರುಗಳು ಉಳಿದಿಲ್ಲ. ಫೌಲರ್ ಬಂದ ಹತ್ತೇ ವರ್ಷದಲ್ಲಿ ಬಿದಿರು ಸೀಮೆಯ ತನಕ ಕಾಡು ಕಡಿದು ತೋಟಗಳಾದವು. ನಾವು ಕಾಲೇಜು ದಿನಗಳಲ್ಲಿ ಒಮ್ಮೆ ಆ ಕಡೆಯ ಒಂದು ಹಳೆಯ ಸ್ಮಶಾನಕ್ಕೆ ಹೋಗಿದ್ದೆವು. ಪಾಚಿ ಉಜ್ಜಿ ಓದಿದರೆ ವಯಸ್ಸೆಲ್ಲ ಇಪ್ಪತ್ತೇಳು, ಮೂವತ್ತೊಂದು. ಅವರ ಮಕ್ಕಳದು ಇನ್ನೂ ಕಡಿಮೆ: ಒಂದು ವರ್ಷ ನಾಲ್ಕು ತಿಂಗಳು, ಹನ್ನೊಂದು ದಿನ. ಮಲೇರಿಯಾ ಸೊಳ್ಳೆಯಿಂದ ಬರುತ್ತದೆಂದು ರೊನಾಲ್ಡ್ ರಾಸ್ ತೋರಿಸಿದ್ದು 1897ರಲ್ಲಿ. ಅಲ್ಲಿಯ ತನಕ ಕಾಡಿನ ಕೆಟ್ಟ ಗಾಳಿ ಎಂದು ಕಿಟಕಿ ಮುಚ್ಚಿಕೊಂಡು ಸತ್ತರು. ಜ್ವರದಿಂದ ಉಳಿದವರನ್ನು 1865-66ರ ಕಾಂಡಕೊರಕ ಮುರಿಯಿತು. ಅದು ತಿಂದು ಉಳಿಸಿದ್ದನ್ನು ಎಲೆತುಕ್ಕು ನೋಡಿಕೊಂಡಿತು. ಅವರ ಮೇಲೆ ನಮಗೆ ಮಮತೆಯೇನೂ ಇಲ್ಲ. ಆದರೆ ಹನ್ನೊಂದು ದಿನದ ಮಗುವಿನ ಕಲ್ಲಿನ ಮುಂದೆ ಕೂಡ ಮುಖ ಗಂಟಿಕ್ಕಿ ನಿಂತಿರಲಾಗಲಿಲ್ಲ.

ನಮ್ಮ ಕಾಲದ ದೊಡ್ಡವರದು ಎಲ್ಲರಿಗೂ ಗೊತ್ತಿರುವುದೇ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು 1993ರ ಮೇ 15ರಂದು ಬೆಂಗಳೂರಿನಲ್ಲಿ ನಿಧನರಾದಾಗ ಅವರನ್ನು ಮಡಿಕೇರಿಯ 'ರೋಶನಾರಾ'ಕ್ಕೆ ತಂದು, ತಮ್ಮ ಮನೆಯ ನೆಲದಲ್ಲೇ ಸಂಸ್ಕಾರ ಮಾಡಿದರು. ಫೀಲ್ಡ್ ಮಾರ್ಷಲ್ ಮಾಣೆಕ್‌ಷಾ ಬಂದಿದ್ದರು. ಜನರಲ್ ತಿಮ್ಮಯ್ಯನವರು 1965ರಲ್ಲಿ ಸೈಪ್ರಸ್ ದ್ವೀಪದಲ್ಲಿ, ವಿಶ್ವಸಂಸ್ಥೆಯ ಶಾಂತಿಪಡೆಯ ಹೊಣೆಯಲ್ಲಿದ್ದಾಗ ತೀರಿಕೊಂಡರು, ಬೆಂಗಳೂರಿನಲ್ಲಿ ಮಣ್ಣಾದರು. ಮಡಿಕೇರಿಯ ಅವರ ಮನೆ 'ಸನ್ನಿಸೈಡ್' 2021ರಿಂದ ಸಂಗ್ರಹಾಲಯವಾಗಿದೆ.

ಇಷ್ಟು ಬರೆದು ನಿಲ್ಲಿಸಬಹುದಿತ್ತು. ಆದರೆ ಗದ್ದಿಗೆಯಿಂದ ಬಸ್ಸಿನಲ್ಲಿ ಸಂಪಾಜೆ ಘಟ್ಟ ಇಳಿಯುವಾಗ, ಜೋಡುಪಾಲದ ತಿರುವಿನಲ್ಲಿ 2018ರ ಆಗಸ್ಟಿನಲ್ಲಿ ಗುಡ್ಡ ಜಾರಿದ ಗುರುತು ನೋಡುತ್ತ, ನಮ್ಮ ತೋಟದ ಸಂಗತಿಯೊಂದು ನೆನಪಿಗೆ ಬಂತು. ನಾಚಿಕೆಯ ಸಂಗತಿ. ಹೇಳದೆ ಬಿಟ್ಟರೆ ಮೇಲೆ ಬರೆದದ್ದೆಲ್ಲ ಪ್ರವಾಸಿಗರ ಕೈಪಿಡಿಯಾದೀತು.

2007ರ ಬೇಸಿಗೆ. ಕೆಳಗಿನ ಅಡಿಕೆ ತೋಟಕ್ಕೆ ಹಳದಿ ಎಲೆ ರೋಗ ಹತ್ತಿ ಫಸಲು ಅರ್ಧಕ್ಕಿಳಿದಿತ್ತು. ಮೇಲಿನ ಓರೆಯಲ್ಲಿ, ಹಳೆಯ ಲೈನ್‌ಮನೆಯ ಹಿಂದೆ, ಖಾಲಿ ಬಿದ್ದಿದ್ದ ಕಾಲೆಕರೆಯಷ್ಟು ಜಾಗಕ್ಕೆ ರೋಬಸ್ಟಾ ಹಾಕೋಣವೆಂದು ಗೂಟ ಹೊಡೆಸಿ, ಹತ್ತಡಿಗೊಂದು ಗುಂಡಿ ತೆಗೆಯಲು ಹೇಳಿ ಕಚೇರಿಗೆ ಬಂದಿದ್ದೆವು. ಮಧ್ಯಾಹ್ನ ಹೋದರೆ ಎಂಟು ಗುಂಡಿಗೆ ಕೆಲಸ ನಿಂತಿದೆ. ಆಳುಗಳು ಹಾರೆ ಊರಿ ಸುಮ್ಮನೆ ನಿಂತಿದ್ದಾರೆ. ನಮ್ಮ ತಂದೆಯ ಕಾಲದಿಂದ ಕೆಲಸಕ್ಕಿದ್ದ ಎರವರ ಅಜ್ಜಿ ಒಂಬತ್ತನೆಯ ಗೂಟದ ಹತ್ತಿರ ಕುಕ್ಕರುಗಾಲಿನಲ್ಲಿ ಕೂತಿದ್ದಾಳೆ. "ಸಾವ್ಕಾರ್ರೆ, ಇಲ್ಲಿ ಮಾತ್ರ ತೋಡಬೇಡಿ. ಇಲ್ಲಿ ನನ್ನ ಮಗು ಉಂಟು" ಎಂದಳು. ಗಟ್ಟಿಯಾಗಿ ಅಲ್ಲ. ಗೊಬ್ಬರ ಸಾಲದೆಂದು ಹೇಳುವಾಗಿನ ದನಿಯಲ್ಲೇ.

ಅಲ್ಲಿ ಹನ್ನೊಂದು ದಿಬ್ಬಗಳಿದ್ದವು. ಜಿಗ್ಗು ಬೆಳೆದು ನಮಗೆ ಕಂಡಿರಲಿಲ್ಲ. ನೋಡುವ ಕಣ್ಣಿದ್ದರೆ ಕಾಣುತ್ತಿತ್ತು. ಮಗು, ಅವಳ ಗಂಡ, ಮಳೆಗಾಲದಲ್ಲಿ ಮರಗಸಿ ಮಾಡುವಾಗ ಬಿದ್ದ ಒಬ್ಬ, ಹೆರಿಗೆಯಲ್ಲಿ ಹೋದ ಇಬ್ಬರು. ಉಳಿದವರು ಯಾರೆಂದು ಅವಳಿಗೂ ತಿಳಿಯದು. ಆ ರಾತ್ರಿ ತಂದೆಯವರ ಕಾಲದ ಚೆಕ್‌ರೋಲ್ ಪುಸ್ತಕಗಳನ್ನು ಅಟ್ಟದಿಂದ ಇಳಿಸಿದೆವು. ಗೆದ್ದಲು ತಿಂದು ಉಳಿದ ಹಾಳೆಯಲ್ಲಿ ಗಂಡನ ಹೆಸರು ಸಿಕ್ಕಿತು. ಹೆಸರಿನ ಮುಂದೆ ಹಾಜರಿಯ ಗೀಟುಗಳು, ಜುಲೈ ಮೂರನೆಯ ವಾರದವರೆಗೆ. ಆಮೇಲೆ ಖಾಲಿ ಮನೆ. ಮುಂದಿನ ತಿಂಗಳ ಪಟ್ಟಿಯಲ್ಲಿ ಹೆಸರಿಲ್ಲ. ಮುಂಗಡ ಹದಿನಾಲ್ಕು ರೂಪಾಯಿ ವಜಾ ಎಂದು ಬದಿಯಲ್ಲಿ ತಂದೆಯವರ ಅಕ್ಷರ. ಅವನು ಈ ಭೂಮಿಯ ಮೇಲೆ ಇದ್ದನೆಂಬುದಕ್ಕೆ ನಮ್ಮ ಬಳಿಯಿರುವ ದಾಖಲೆ ಅಷ್ಟೇ. ಲಿಂಗರಾಜನ ಶಿಸ್ತಿನಲ್ಲಿ ನಮ್ಮ ಗದ್ದೆಯ ಗಡಿಯುಂಟು. ಆ ಗದ್ದೆ ಉತ್ತವರ ಲೆಕ್ಕ ಆಗಲೂ ಯಾರೂ ಇಡಲಿಲ್ಲ. ಅಂದು ಎರವರನ್ನು ಭೂಮಿಯ ಜೊತೆಗೇ ಕೊಟ್ಟು ತೆಗೆದುಕೊಳ್ಳುತ್ತಿದ್ದರು ಎಂಬುದನ್ನು ನಾವು ಬೆಳೆಗಾರರು ಸಭೆಗಳಲ್ಲಿ ಸಾಮಾನ್ಯವಾಗಿ ಎತ್ತುವುದಿಲ್ಲ.

ಎಂಟು ಗುಂಡಿ ಮುಚ್ಚಿಸಿದೆವು. ಸಸಿಗಳು ಹೊಳೆಯ ಬದಿಗೆ ಹೋದವು. ಸುತ್ತ ಒಂದು ಸಾಲು ಕಾಡುಕಲ್ಲು ಇಡಿಸಿ, ಲೈನಿನಿಂದ ಅಲ್ಲಿಗೆ ಮೂರಡಿ ಕಾಲುದಾರಿ ಬಿಟ್ಟಿದ್ದೇವೆ. ಅಜ್ಜಿ 2016ರಲ್ಲಿ ತೀರಿಕೊಂಡಳು, ಆ ಒಂಬತ್ತನೆಯ ಗೂಟದ ಪಕ್ಕದಲ್ಲೇ ಇದ್ದಾಳೆ. ಅವಳಿಗೊಂದು ಕಲ್ಲು ಹಾಕಿಸಲು ಹೋದಾಗ ಕಲ್ಲುಕುಟಿಗ ಹುಟ್ಟಿದ ವರ್ಷ ಕೇಳಿದ. ವೋಟಿನ ಚೀಟಿಯಲ್ಲಿ ಒಂದು, ರೇಷನ್ ಕಾರ್ಡಿನಲ್ಲಿ ಇನ್ನೊಂದು. ಹೆಸರು ಮಾತ್ರ ಕಡೆಯಿಸಿದೆವು.

ಇದನ್ನು ಇಷ್ಟು ಬಿಡಿಸಿ ಬರೆಯಲು ಕಾರಣವಿದೆ. 2024ರಲ್ಲಿ ರೋಬಸ್ಟಾ ಧಾರಣೆ ಹಿಂದೆಂದೂ ಕಾಣದಷ್ಟು ಏರಿದ ಮೇಲೆ ನಮ್ಮ ಸದಸ್ಯರ ತೋಟಗಳಲ್ಲಿ ಮೂಲೆಮುಡುಕಿನ ಜಾಗಕ್ಕೂ ಗುಂಡಿ ಬೀಳುತ್ತಿದೆ. ಅಣ್ಣತಮ್ಮಂದಿರ ಪಾಲು, ಮಾರಾಟ, ಪೋಡಿ ಹೆಚ್ಚಾಗಿವೆ. ನಮ್ಮ ಸದಸ್ಯರೊಬ್ಬರು ಐದೆಕರೆ ಮಾರಿದರು. ಕೊಂಡವರು ದೂರದವರು, ಮಸಣವಿರುವುದನ್ನು ಯಾರೂ ಹೇಳಿರಲಿಲ್ಲ. ಅವರು ತಂತಿಬೇಲಿ ಹಾಕಿದರು. ಅಪ್ಪನ ಗೋರಿಗೆ ಅಮಾವಾಸ್ಯೆ ದಿನ ಹೂವಿಡಲು ಬಂದ ಹುಡುಗರು ಬೇಲಿ ಹಾರಿದರು. ಠಾಣೆಯವರೆಗೂ ಹೋಯಿತು. ಎರಡೂ ಕಡೆಯವರು ಸುಳ್ಳರಲ್ಲ. ಪತ್ರದಲ್ಲಿ ಎರಡು ಸಾಲು ಬರೆದಿದ್ದರೆ ತೀರುತ್ತಿತ್ತು.

ಆದಕಾರಣ ಸದಸ್ಯರಲ್ಲಿ ವಿನಂತಿ. ಭೂಕಂದಾಯ ನಿಯಮಗಳಲ್ಲಿ, ಯಾವುದೇ ಸಮುದಾಯ ಹೂಳಲು ಸುಡಲು ಬಳಸುವ ಜಾಗವನ್ನು ಕಂದಾಯವಿಲ್ಲದ 'ಬಿ' ಖರಾಬು ಎಂದು ತೋರಿಸಲು ಅವಕಾಶವಿದೆ. ಪೋಡಿಗೆ ಸರ್ವೆಯವರು ಬಂದ ದಿನ ನೀವಾಗಿಯೇ ಜಾಗ ತೋರಿಸಿ, ಅವರಾಗಿ ಕೇಳುವುದಿಲ್ಲ. ಖರಾಬು ಹಾಕಿಸಿದರೆ ಆ ಸೆಂಟುಗಳು ಕೈಬಿಡುತ್ತವೆಂದು ಹಿಂಜರಿಯುವವರಿದ್ದಾರೆ, ಅದು ನಿಜ, ಬಿಡುತ್ತವೆ. ಅದಕ್ಕೆ ಒಪ್ಪದವರು ಪಾಲುಪತ್ರ ಅಥವಾ ಕ್ರಯಪತ್ರದಲ್ಲಾದರೂ ಮಸಣದ ಚಕ್ಕುಬಂದಿ, ಅಲ್ಲಿಗೆ ಹೋಗುವ ದಾರಿಯ ಅಗಲ ಬರೆಯಿಸಿರಿ. ಗಿಡಗಂಟಿ ತೆಗೆಸುವ ಮೊದಲು ಲೈನಿನ ಹಿರಿಯರನ್ನು ಒಂದು ಮಾತು ಕೇಳಿ.

ಕಚೇರಿಯಲ್ಲಿ ಇದಕ್ಕೆಂದೇ ಒಂದು ರಿಜಿಸ್ಟರು ತೆರೆದಿದ್ದೇವೆ. ಸರ್ವೆ ನಂಬರು, ಜಾಗದ ಗುರುತು, ಅಲ್ಲಿರುವವರ ಹೆಸರು ತಿಳಿದಷ್ಟು. ಈ ತನಕ ಹದಿನಾಲ್ಕು ತೋಟಗಳದು ಬಂದಿದೆ. ಗೌರಮ್ಮನ ಪ್ರಶ್ನೆ ಕೇಳಿದ ಹುಡುಗನೇ ಅದನ್ನು ಬರೆಯುತ್ತಿದ್ದಾನೆ. ಭಾನುವಾರ ಬಿಟ್ಟು ಉಳಿದ ದಿನಗಳಲ್ಲಿ ಸಂಜೆ ನಾಲ್ಕರ ಮೇಲೆ ಸಿಗುತ್ತಾನೆ.